ಆಂಡಿ ಕೌಫ್‌ಮನ್: ಜೋಕು ಹೇಳದ ಹಾಸ್ಯಗಾರನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸಾಗರ, ತೀರ್ಥಹಳ್ಳಿ, ಶಿವಮೊಗ್ಗ ಕಡೆಯ ನಾಟಕದ ಹುಡುಗ ಹುಡುಗಿಯರಿಗೆ ಈ ಮನುಷ್ಯನ ವಿಡಿಯೊ ತೋರಿಸಿದಾಗಲೆಲ್ಲ ಅವೇ ಪ್ರಶ್ನೆಗಳು ತಿರುಗಿ ಬರುತ್ತವೆ. ಕೆಲವರು ಕುತೂಹಲಕ್ಕೆ ಕೇಳುತ್ತಾರೆ, ಕೆಲವರು ಸಿಟ್ಟಿನಲ್ಲಿ ಕೇಳುತ್ತಾರೆ. ಪ್ರತಿ ಸಲ ಫೋನಿನಲ್ಲಿ ಹೇಳಿದ್ದನ್ನೇ ಹೇಳುವ ಬದಲು ಒಂದು ಕಡೆ ಬರೆದಿಟ್ಟರೆ ಒಳ್ಳೆಯದು ಅನ್ನಿಸಿತು. ಪ್ರಶ್ನೆಗಳನ್ನು ಆದಷ್ಟೂ ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇನೆ.

ಮೊದಲಿಗೆ, ಯಾರು ಇವನು?

ಅಮೆರಿಕದವನು. 1949ರ ಜನವರಿ 17ರಂದು ನ್ಯೂಯಾರ್ಕಿನಲ್ಲಿ ಹುಟ್ಟಿ, ಪಕ್ಕದ ಲಾಂಗ್ ಐಲ್ಯಾಂಡಿನ ಗ್ರೇಟ್ ನೆಕ್ ಎಂಬ ಊರಿನಲ್ಲಿ ಬೆಳೆದ. 1984ರ ಮೇ 16ರಂದು ಲಾಸ್ ಏಂಜಲೀಸಿನಲ್ಲಿ ತೀರಿಕೊಂಡ. ಬದುಕಿದ್ದು 35 ವರ್ಷ. ಅದರಲ್ಲಿ ದೇಶಕ್ಕೆಲ್ಲ ಗೊತ್ತಿರುವವನಾಗಿ ಕೆಲಸ ಮಾಡಿದ್ದು ಹತ್ತು ವರ್ಷವೂ ಇಲ್ಲ. ಅವನು ಹುಟ್ಟಿದ ವರ್ಷವೇ ನಮ್ಮ ಹೆಗ್ಗೋಡಿನಲ್ಲಿ ನೀನಾಸಮ್ ಶುರುವಾದದ್ದು. ಎರಡಕ್ಕೂ ಏನೇನೂ ಸಂಬಂಧ ಇಲ್ಲ, ಇಸವಿ ನೆನಪಿಟ್ಟುಕೊಳ್ಳಲು ನನಗೆ ಅನುಕೂಲ ಅಷ್ಟೆ.

ಹಾಸ್ಯಗಾರ ಎಂದು ಕರೆದರೆ ಅವನು ಒಪ್ಪುತ್ತಿರಲಿಲ್ಲ. ಜೀವನದಲ್ಲಿ ಜೋಕನ್ನೇ ಹೇಳಿಲ್ಲ, ಹಾಡಿ ಕುಣಿಯುವವನು ನಾನು ಎನ್ನುತ್ತಿದ್ದ. ಇದನ್ನು ವಿನಯ ಎಂದುಕೊಳ್ಳಬೇಡಿ. ಅಕ್ಷರಶಃ ನಿಜ.

ಅಲ್ಲ ಮಾರಾಯ್ರೆ, ಇದರಲ್ಲಿ ನಗೋದು ಎಲ್ಲಿ?

ಹೆಚ್ಚಿನವರು ಕೇಳುವುದು ಇದನ್ನೇ, ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

1975ರ ಅಕ್ಟೋಬರ್ 11ರಂದು ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ, ಈಗ ಸ್ಯಾಟರ್ಡೇ ನೈಟ್ ಲೈವ್ ಎಂದು ಹೆಸರಾಗಿರುವ ಕಾರ್ಯಕ್ರಮದ ಮೊದಲ ಕಂತು ಬಂತು. ಅವತ್ತು ನಡೆಸಿಕೊಟ್ಟವನು ಜಾರ್ಜ್ ಕಾರ್ಲಿನ್. ಆ ಕಂತಿನಲ್ಲಿ ಕೌಫ್‌ಮನ್ ಒಂದು ಗ್ರಾಮಫೋನಿನ ಪಕ್ಕ ಬಂದು ನಿಂತ. ಪ್ಲೇಟಿನ ಮೇಲೆ ಸೂಜಿ ಇಟ್ಟ. ಮೈಟಿ ಮೌಸ್ ಎಂಬ ಕಾರ್ಟೂನ್ ಇಲಿಯ ಹಾಡು ಶುರುವಾಯಿತು. ಇವನು ಹಾಡಲಿಲ್ಲ, ಕುಣಿಯಲಿಲ್ಲ. ಕೈ ಎಲ್ಲಿಡಬೇಕು ಎಂದು ಗೊತ್ತಾಗದೆ ಪೆಚ್ಚಾಗಿ ನಿಂತಿದ್ದ. ಹಾಡಿನ ನಡುವೆ ಇಲಿರಾಯ ‘ಕಾಪಾಡಲು ಬಂದೆ’ ಎಂದು ಸಾರುವ ಒಂದು ಸಾಲಿದೆ. ಅಷ್ಟಕ್ಕೆ ಮಾತ್ರ ಕೈ ಮೇಲೆತ್ತಿ, ಎದೆ ಸೆಟೆಸಿ, ಮಹಾಶೂರನ ಠೀವಿಯಲ್ಲಿ ತುಟಿ ಆಡಿಸಿದ. ಸಾಲು ಮುಗಿದದ್ದೇ ಮತ್ತೆ ಅದೇ ಪೆಚ್ಚು ಮುಖ. ಮುಂದಿನ ಸರದಿಗೆ ಕಾದ. ಒಮ್ಮೆ ಅವಸರಪಟ್ಟು ಬಾಯಿ ತೆರೆಯಲು ಹೋಗಿ, ಇನ್ನೂ ಸಾಲು ಬಂದಿಲ್ಲ ಎಂದು ಗೊತ್ತಾಗಿ ತಡೆದುಕೊಂಡ. ನಡುವೆ ನೀರು ಕುಡಿದ. ಇಡೀ ಐಟಂ ಇಷ್ಟೆ.

ನಮ್ಮ ಹಾಸ್ಯ ಸಂಜೆಗಳನ್ನು ನೆನಪಿಸಿಕೊಳ್ಳಿ. ಮಾತಾಡುವವರು ಒಂದು ಕಡೆ ದನಿ ಏರಿಸುತ್ತಾರೆ, ಒಂದು ಕಡೆ ನಿಲ್ಲಿಸುತ್ತಾರೆ, ನಾವು ನಗುತ್ತೇವೆ. ‘ಈಗ ನಗಿ’ ಎನ್ನುವ ಸನ್ನೆ ಆ ನಿಲುಗಡೆಯಲ್ಲೇ ಇರುತ್ತದೆ. ಕೌಫ್‌ಮನ್ ಜೀವನವಿಡೀ ಮಾಡಿದ್ದು ಆ ಸನ್ನೆಯನ್ನು ತೆಗೆದುಹಾಕುವ ಕೆಲಸ. ಸನ್ನೆ ಇಲ್ಲದಿದ್ದರೆ ನೋಡುವವನು ಏನು ಮಾಡುತ್ತಾನೆ? ಮೊದಲು ಕಾಯುತ್ತಾನೆ, ಆಮೇಲೆ ಪಕ್ಕದವನ ಮುಖ ನೋಡುತ್ತಾನೆ. ಇವನಿಗೆ ಡೈಲಾಗ್ ಮರೆತುಹೋಯಿತಾ, ಹುಷಾರಿಲ್ಲವಾ, ನಮ್ಮನ್ನೇ ಮಂಗ ಮಾಡುತ್ತಿದ್ದಾನಾ ಎಂದು ತಲೆ ಕೆಡಿಸಿಕೊಳ್ಳುತ್ತಾನೆ. ಆ ಗೊಂದಲವೇ ಅವನ ಸರಕು. ಬೇರೆಯವರು ಜೋಕನ್ನು ತಂದು ಜನರ ಮುಂದೆ ಇಟ್ಟರು, ಇವನು ಜನರನ್ನೇ ಜೋಕಿನ ಒಳಗೆ ಕೂರಿಸಿದ. ಮೈಟಿ ಮೌಸ್ ಐಟಮಿನಲ್ಲಿ ಅದು ಮುದ್ದಾಗಿದೆ. ಮುಂದೆ ಅಷ್ಟು ಮುದ್ದಾಗಿ ಉಳಿಯಲಿಲ್ಲ.

ಇಷ್ಟು ಹೇಳಿದ ಮೇಲೂ ನಗು ಬರಲಿಲ್ಲ ಎಂದರೆ ಬೇಜಾರಿಲ್ಲ. ಅವನ ಕಾಲದಲ್ಲೂ ಅರ್ಧ ಸಭೆ ನಗುತ್ತಿರಲಿಲ್ಲ.

ಒಂದೇ ಒಂದು ವಿಡಿಯೊ ನೋಡಬೇಕು ಅಂದ್ರೆ ಯಾವುದು?

ಪರದೇಶಿಯ ಪಾತ್ರ ಅಮೆರಿಕದ ಹೆಸರಾಂತ ರಾಕ್ ಗಾಯಕ ಎಲ್ವಿಸ್ ಆಗುವ ಐಟಂ. 1970ರ ದಶಕದ ಮೊದಲಲ್ಲಿ ನ್ಯೂಯಾರ್ಕಿನ ಇಂಪ್ರಾವ್ ಎಂಬ ಕ್ಲಬ್ಬಿನಲ್ಲಿ ಇದನ್ನು ಹದ ಮಾಡಿದ. ಕ್ಯಾಸ್ಪಿಯನ್ ಸಮುದ್ರದಲ್ಲಿದ್ದು ಮುಳುಗಿಹೋದ ‘ಕ್ಯಾಸ್ಪಿಯಾರ್’ ಎಂಬ ದ್ವೀಪದವನು ತಾನು ಎಂಬ ಕಥೆ. ಅಂಥ ದ್ವೀಪ ಇಲ್ಲ. ತೊದಲು ಇಂಗ್ಲಿಷಿನಲ್ಲಿ, ಹೆದರಿದ ಕಣ್ಣಿನಲ್ಲಿ, ಹಳಸಿದ ಜೋಕುಗಳನ್ನು ಹದಗೆಡಿಸಿ ಹೇಳುತ್ತಾನೆ. ಈಗ ಅಧ್ಯಕ್ಷ ಕಾರ್ಟರ್ ಅವರ ಅನುಕರಣೆ ಎಂದು ಘೋಷಿಸಿ, ಅದೇ ತೊದಲು ದನಿಯಲ್ಲಿ ‘ನಮಸ್ಕಾರ, ನಾನು ಕಾರ್ಟರ್’ ಎಂದು ಹೇಳಿ ಚಪ್ಪಾಳೆಗೆ ಕಾಯುತ್ತಾನೆ. ಮೊದಲ ಸಲ ನೋಡಿದವರಲ್ಲಿ ಇವನು ನಿಜಕ್ಕೂ ಯಾರೋ ಪಾಪದ ಪರದೇಶಿ ಎಂದುಕೊಂಡವರಿದ್ದರು. ಕೆಲವರು ಅಯ್ಯೋ ಅನ್ನುತ್ತಿದ್ದರು, ಕೆಲವರು ಎದ್ದು ಹೋಗುತ್ತಿದ್ದರು.

ಕೊನೆಗೆ, ಈಗ ಎಲ್ವಿಸ್ ಪ್ರೀಸ್ಲಿಯ ಅನುಕರಣೆ ಎನ್ನುತ್ತಾನೆ. ಜನ ತಲೆ ಚಚ್ಚಿಕೊಳ್ಳುತ್ತಾರೆ. ಅವನು ಬೆನ್ನು ತಿರುಗಿಸಿ, ಕೂದಲು ಬಾಚಿ, ಗಿಟಾರು ಹಾಕಿಕೊಂಡು ತಿರುಗುತ್ತಾನೆ. ತಿರುಗಿದವನು ಎಲ್ವಿಸ್ಸೇ! ತುಟಿಯ ಕೊಂಕು, ಸೊಂಟದ ತಿರುವು, ಗಂಟಲು, ಎಲ್ಲ. ಹಾಡಿ ಮುಗಿಸಿ, ಚಪ್ಪಾಳೆ ಬೀಳುತ್ತಿರುವಾಗ ಮತ್ತೆ ಆ ಹೆದರಿದ ಪರದೇಶಿಯ ದನಿಯಲ್ಲೇ ‘ಟೆಂಕ್ ಯು ವೆರಿ ಮಚ್’ ಎನ್ನುತ್ತಾನೆ.

ನಾನು ಇದನ್ನು ಶಿಫಾರಸು ಮಾಡಲು ಕಾರಣ ಇದೆ. ಇಲ್ಲಿ ಅವನು ಮೊದಲು ಸತಾಯಿಸುತ್ತಾನೆ, ಆಮೇಲೆ ಬಡ್ಡಿ ಸಮೇತ ಕೊಡುತ್ತಾನೆ. ಅವನ ಎಲ್ಲ ಐಟಮುಗಳಲ್ಲೂ ಈ ಕೊಡುವ ಭಾಗ ಇರುವುದಿಲ್ಲ.

ಇವನಿಗೆ ನಿಜವಾಗಿ ನಟನೆ ಬರ್ತಿತ್ತಾ, ಬರದೇ ಇದ್ದಿದ್ದಕ್ಕೆ ಹೀಗೆಲ್ಲ ಮಾಡ್ತಿದ್ನಾ?

ಎಲ್ವಿಸ್ ನೋಡಿದ ಮೇಲೂ ಈ ಪ್ರಶ್ನೆ ಉಳಿದಿದ್ದರೆ ಇನ್ನೊಮ್ಮೆ ನೋಡಿ. ಕೋಂಗಾ ಡ್ರಮ್ ಚೆನ್ನಾಗಿ ನುಡಿಸುತ್ತಿದ್ದ. ಚಿಕ್ಕ ಹುಡುಗನಾಗಿದ್ದಾಗಲೇ ಅಕ್ಕಪಕ್ಕದ ಮಕ್ಕಳ ಹುಟ್ಟುಹಬ್ಬಗಳಲ್ಲಿ ಕಾರ್ಯಕ್ರಮ ಕೊಟ್ಟು ದುಡ್ಡು ಮಾಡುತ್ತಿದ್ದ. ಬಾಸ್ಟನ್ನಿನ ಗ್ರಾಮ್ ಜೂನಿಯರ್ ಕಾಲೇಜಿನಲ್ಲಿ ಟೆಲಿವಿಷನ್ ಕೆಲಸ ಓದಿ, ಅಲ್ಲೇ ಸ್ವಂತದ್ದೊಂದು ಕಾರ್ಯಕ್ರಮವನ್ನೂ ನಡೆಸಿದ. ದೊಡ್ಡವನಾದ ಮೇಲೆ ಕ್ಲಬ್ಬುಗಳಲ್ಲಿ ಮಾಡಿದ ಹಲವು ಐಟಮುಗಳು ಆ ಮಕ್ಕಳ ಪಾರ್ಟಿಯ ಆಟಗಳೇ. ಕುಡಿದು ಕೂತ ದೊಡ್ಡವರ ಮುಂದೆ ಐದು ವರ್ಷದ ಮಕ್ಕಳ ಹಾಡನ್ನು ಪೂರ್ತಿ ಗಂಭೀರವಾಗಿ ಹಾಡಿಸುವುದು ಎಂದರೆ ಹೇಗಿರಬಹುದು, ಯೋಚಿಸಿ.

ಟೀವಿ ಸೀರಿಯಲ್‌ನಲ್ಲೂ ಇದ್ನಂತೆ?

ಹೌದು. ‘ಟ್ಯಾಕ್ಸಿ’ ಎಂಬ ಹಾಸ್ಯ ಧಾರಾವಾಹಿ, 1978ರಿಂದ 1983ರವರೆಗೆ. ಅದೇ ಪರದೇಶಿಯ ಪಾತ್ರಕ್ಕೆ ಲಾಟ್ಕಾ ಗ್ರಾವಸ್ ಎಂಬ ಹೆಸರಿಟ್ಟು, ಟ್ಯಾಕ್ಸಿ ಗ್ಯಾರೇಜಿನ ಮೆಕ್ಯಾನಿಕ್ ಮಾಡಿದರು. ಮನೆಮನೆಗೂ ಗೊತ್ತಾದ. ಅವನಿಗೆ ಮಾತ್ರ ಇದು ಅಷ್ಟೇನೂ ಹಿಡಿಸಿದ ಕೆಲಸವಲ್ಲ. ಮ್ಯಾನೇಜರ್ ಜಾರ್ಜ್ ಶಪಿರೊ ಒಪ್ಪಿಸಿದ್ದ. ಧಾರಾವಾಹಿ ಜೋರಾಗಿ ಓಡುತ್ತಿದ್ದ ಕಾಲದಲ್ಲೇ ಇವನು ಲಾಸ್ ಏಂಜಲೀಸಿನ ಒಂದು ಹೋಟೆಲಿನಲ್ಲಿ ಟೇಬಲ್ ಒರೆಸುವ, ತಟ್ಟೆ ಎತ್ತುವ ಕೆಲಸಕ್ಕೂ ಹೋಗುತ್ತಿದ್ದ. ಊಟಕ್ಕೆ ಬಂದವರು ‘ನೀನು ಟೀವಿಯವನಲ್ವಾ’ ಎಂದು ಕೇಳುವ ಪರಿಸ್ಥಿತಿ.

ಟೋನಿ ಕ್ಲಿಫ್ಟನ್ ಅಂದ್ರೆ ಬೇರೆ ವ್ಯಕ್ತಿಯಾ, ಇವನೇನಾ?

ನಮ್ಮ ಕಡೆ ಹಗಲುವೇಷದವರನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ರಂಗಸ್ಥಳವಿಲ್ಲ, ರಾತ್ರಿಯ ದೀಪವಿಲ್ಲ, ಹಾಡುಹಗಲಲ್ಲಿ ವೇಷ ಹಾಕಿಕೊಂಡು ನಿಮ್ಮ ಅಂಗಳಕ್ಕೇ ಬಂದು ನಿಲ್ಲುತ್ತಾರೆ, ವೇಷದಲ್ಲಿರುವಷ್ಟು ಹೊತ್ತು ಅದರ ಗತ್ತು ಬಿಡುವುದಿಲ್ಲ. ಕ್ಲಿಫ್ಟನ್ ಅಂಥ ವೇಷ: ಲಾಸ್ ವೇಗಸ್‌ನ ಒರಟು ಗಾಯಕ, ದಪ್ಪ ಹೊಟ್ಟೆ, ಕಪ್ಪು ಕನ್ನಡಕ, ಅಪಸ್ವರ, ಸಭಿಕರಿಗೇ ಬೈಗುಳ. ಕೌಫ್‌ಮನ್ ತನ್ನದೇ ಕಾರ್ಯಕ್ರಮಕ್ಕೆ ಮೊದಲು ಕ್ಲಿಫ್ಟನ್‌ನನ್ನು ಬಿಟ್ಟು ಜನರಿಗೆ ರೇಜಿಗೆ ಹುಟ್ಟಿಸುತ್ತಿದ್ದ. ಅವನು ನೀನೇ ತಾನೇ ಎಂದು ಕೇಳಿದರೆ, ಅಲ್ಲವೇ ಅಲ್ಲ ಎಂದು ಸಾಧಿಸುತ್ತಿದ್ದ. ಜನ ಗುಟ್ಟು ಕಂಡುಹಿಡಿದೆವು ಎಂದು ಬೀಗುವ ಹೊತ್ತಿಗೆ ಗೆಳೆಯ ಬಾಬ್ ಜ್ಮುಡಾ ಅದೇ ವೇಷ ಹಾಕಲು ಶುರು ಮಾಡಿದ್ದ. ತಮ್ಮ ಮೈಕಲ್ ಕೂಡ ಹಾಕಿದ್ದುಂಟು. ಹಾಗಾಗಿ ‘ಅವನು ನಾನಲ್ಲ’ ಎಂಬ ಮಾತು ಕೆಲವು ದಿನ ಸುಳ್ಳು, ಕೆಲವು ದಿನ ನಿಜ.

‘ಟ್ಯಾಕ್ಸಿ’ ಒಪ್ಪಂದದಲ್ಲೇ ಕ್ಲಿಫ್ಟನ್‌ಗೂ ಅತಿಥಿ ಪಾತ್ರ ಕೊಡಬೇಕು ಎಂದು ಬರೆಸಿಕೊಂಡಿದ್ದ. ಕ್ಲಿಫ್ಟನ್ ಸೆಟ್ಟಿಗೆ ಬಂದು ರಂಪ ಮಾಡಿದ. ಸೆಕ್ಯುರಿಟಿಯವರು ಹೊರಗೆ ಹಾಕಬೇಕಾಯಿತು. ಸಹನಟರಿಗೆ ಮೈಯೆಲ್ಲ ಉರಿದಿತ್ತು. ಕೌಫ್‌ಮನ್ ಆಮೇಲೆ ಏನೂ ಆಗದವನ ಹಾಗೆ ಲಾಟ್ಕಾ ಆಗಿ ಕೆಲಸಕ್ಕೆ ಬಂದ.

ಪುಸ್ತಕ ಓದಿ ಜನರನ್ನ ಓಡಿಸಿದ್ದು ನಿಜವಾ?

ನಿಜ. ಕಾಲೇಜು ಹುಡುಗರು ಲಾಟ್ಕಾ ಬೇಕು ಎಂದು ಕೂಗುವಾಗ, ಗಂಭೀರ ಬ್ರಿಟಿಷ್ ಉಚ್ಚಾರದಲ್ಲಿ ಫಿಟ್ಜ್‌ಜೆರಾಲ್ಡ್‌ನ ‘ದಿ ಗ್ರೇಟ್ ಗ್ಯಾಟ್ಸ್‌ಬಿ’ ಕಾದಂಬರಿಯನ್ನು ಮೊದಲ ಪುಟದಿಂದ ಓದಲು ಶುರು ಮಾಡುತ್ತಿದ್ದ. ಮೊದಲು ನಗು, ಆಮೇಲೆ ಗೊಣಗಾಟ, ಆಮೇಲೆ ಕೂಗು. ಓದಲೋ, ರೆಕಾರ್ಡ್ ಹಾಕಲೋ ಎಂದು ಕೇಳುತ್ತಿದ್ದ. ರೆಕಾರ್ಡ್ ಎಂದು ಎಲ್ಲರೂ ಕಿರುಚಿದರೆ ಸೂಜಿ ಇಡುತ್ತಿದ್ದ. ಅದರಲ್ಲಿ ಬರುತ್ತಿದ್ದದ್ದು ಅವನದೇ ದನಿ, ಅದೇ ಕಾದಂಬರಿ, ನಿಲ್ಲಿಸಿದ ಸಾಲಿನಿಂದ ಮುಂದಕ್ಕೆ.

ನೂರಕ್ಕೆ ಒಂದು ಕಮ್ಮಿ ಬಾಟಲಿಗಳಿಂದ ಹಿಂದಕ್ಕೆ ಎಣಿಸುತ್ತ ಹೋಗುವ ಒಂದು ಕುಡುಕರ ಹಾಡನ್ನೂ ಹೀಗೇ ಎಳೆಯುತ್ತಿದ್ದ. ವಿಚಿತ್ರ ಎಂದರೆ, ಕೊನೆ ಹತ್ತಿರ ಬಂದಾಗ ನಿಲ್ಲಿಸಿಬಿಟ್ಟರೆ ಅಲ್ಲಿಯವರೆಗೆ ಬೈಯುತ್ತಿದ್ದವರೇ ಮುಗಿಸು ಎಂದು ಹಟ ಹಿಡಿಯುತ್ತಿದ್ದರು.

ಕಾರ್ನೆಗಿ ಹಾಲ್‌ನಲ್ಲಿ ಹಾಲು ಕುಡಿಸಿದ ಕಥೆ ಏನು?

ನನ್ನ ಮಟ್ಟಿಗೆ ಅವನ ಅತ್ಯಂತ ಒಳ್ಳೆಯ ರಾತ್ರಿ ಅದು. 1979ರ ಏಪ್ರಿಲ್ 26, ನ್ಯೂಯಾರ್ಕಿನ ಕಾರ್ನೆಗಿ ಹಾಲ್. ಶಾಸ್ತ್ರೀಯ ಸಂಗೀತದ ಘಟಾನುಘಟಿಗಳು ಹಾಡಿ ನುಡಿಸಿದ ವೇದಿಕೆ. ಅಜ್ಜಿಗೆ ಒಂದು ದಿನ ಒಳ್ಳೇ ಜಾಗದಲ್ಲಿ ಕೂರಿಸುತ್ತೇನೆಂದು ಮಾತು ಕೊಟ್ಟಿದ್ದೆ ಎಂದು ಹೇಳಿ, ಒಬ್ಬ ಮುದುಕಿಯನ್ನು ಕರೆತಂದು ವೇದಿಕೆಯ ಮೂಲೆಯಲ್ಲಿ ಕುರ್ಚಿ ಹಾಕಿ ಕೂರಿಸಿದ. ಇಡೀ ಕಾರ್ಯಕ್ರಮ ಆ ಅಜ್ಜಿ ಅಲ್ಲೇ ಕೂತು ನೋಡಿದಳು. ಕೊನೆಯಲ್ಲಿ ಅಜ್ಜಿ ಮುಖವಾಡ ತೆಗೆದರೆ ಒಳಗಿದ್ದದ್ದು ರಾಬಿನ್ ವಿಲಿಯಮ್ಸ್! ಆಗ ಅಮೆರಿಕದ ಟೀವಿಯಲ್ಲಿ ಅವನ ಹೆಸರು ಮನೆಮಾತು. ಅಂಥವನನ್ನು ಒಂದು ಮಾತೂ ಆಡದೆ ಇಡೀ ಸಂಜೆ ಮೂಲೆಯಲ್ಲಿ ಕೂರಿಸಿಡುವ ಧೈರ್ಯ ಯಾರಿಗಿದೆ ಹೇಳಿ.

ನಡುವೆ ಇನ್ನೊಬ್ಬ ವೃದ್ಧೆ, ಹಳೇ ಸಿನಿಮಾದ ಕುಣಿತದವಳು ಎಂದು ಪರಿಚಯಿಸಿದವಳು, ವೇಗ ಹೆಚ್ಚುತ್ತ ಹೋದ ಹಾಡಿಗೆ ಕುಣಿದು ಕುಣಿದು ವೇದಿಕೆಯಲ್ಲೇ ಕುಸಿದು ‘ಸತ್ತಳು’. ಸಭೆ ಸ್ತಬ್ಧ. ಕೌಫ್‌ಮನ್ ಅಮೆರಿಕದ ಮೂಲನಿವಾಸಿಗಳ ಗರಿಯ ಕಿರೀಟ ಹಾಕಿಕೊಂಡು ಬಂದು, ಅವಳ ಸುತ್ತ ಕುಣಿದು ಎಬ್ಬಿಸಿದ. (ಆ ಕಿರೀಟದ ತಮಾಷೆ ಇವತ್ತು ನೋಡಿದರೆ ಮುಜುಗರ ಆಗುತ್ತದೆ. ಆಗಲೂ ಕೆಲವರಿಗೆ ಆಗಿರಬೇಕು.)

ಎಲ್ಲ ಮುಗಿದ ಮೇಲೆ, ಬನ್ನಿ ಹಾಲು ಬಿಸ್ಕತ್ತು ತಿನ್ನೋಣ ಎಂದ. ಜನ ಇದೂ ಒಂದು ಮಾತು ಎಂದುಕೊಂಡು ಹೊರಗೆ ಬಂದರೆ ನಿಜಕ್ಕೂ ಬಸ್ಸುಗಳು ಸಾಲಾಗಿ ನಿಂತಿದ್ದವು. ಸಭೆಯನ್ನು ಕರೆದುಕೊಂಡು ಹೋಗಿ ಹಾಲು, ಕುಕಿ ಕೊಡಿಸಿದ. ಇನ್ನೂ ನೋಡಬೇಕೆನ್ನುವವರು ನಾಳೆ ಸ್ಟೇಟನ್ ಐಲ್ಯಾಂಡ್ ದೋಣಿಗೆ ಬನ್ನಿ ಎಂದ. ಮಾರನೇ ದಿನ ಬಂದವರಿಗೆ ಅಲ್ಲೂ ಆಟ ಮುಂದುವರಿಸಿದ.

ಜನರನ್ನು ಗೋಳು ಹೊಯ್ದುಕೊಳ್ಳುವವನು ಎಂಬ ಹೆಸರು ಅವನಿಗಿದೆ. ಈ ರಾತ್ರಿ ಅವನು ಮಾಡಿದ್ದು ಅದರ ತಿರುಗುಮುರುಗು. ಯಾರೂ ನಂಬದ ಒಂದು ಮಾತು ಕೊಟ್ಟ, ಅದನ್ನು ನಡೆಸಿಯೂ ಬಿಟ್ಟ.

ನಮ್ಮ ಯಕ್ಷಗಾನದ ಹಾಸ್ಯಗಾರರೂ ಇದನ್ನೇ ಮಾಡ್ತಾರಲ್ಲ?

ಅರ್ಧ ಹೌದು. ಬಡಗುತಿಟ್ಟಿನ ಹಾಸ್ಯಗಾರ ದೂತನಾಗಿಯೋ ಬ್ರಾಹ್ಮಣನಾಗಿಯೋ ಅಗಸನಾಗಿಯೋ ಬಂದು, ಭಾಗವತರನ್ನು ಮಾತಿಗೆಳೆದು, ಸ್ಥಳದಲ್ಲೇ ಮಾತು ಹೊಸೆದು, ಆ ಊರಿನ ಗುತ್ತಿಗೆದಾರನಿಂದ ಹಿಡಿದು ಆಟ ಆಡಿಸಿದ ಯಜಮಾನರವರೆಗೂ ಕಾಲೆಳೆಯುತ್ತಾನೆ. ಯಾರೂ ಕೋಪಿಸಿಕೊಳ್ಳುವ ಹಾಗಿಲ್ಲ, ಯಾಕೆಂದರೆ ವೇಷವೇ ಪರವಾನಗಿ. ಬಣ್ಣ ನೋಡಿದ ಕೂಡಲೇ ಚಿಕ್ಕ ಮಗುವಿಗೂ ಇವನು ನಗಿಸಲು ಬಂದವನು ಎಂದು ಗೊತ್ತು. ಮಾಸ್ಟರ್ ಹಿರಣ್ಣಯ್ಯನವರು ‘ಲಂಚಾವತಾರ’ದಲ್ಲಿ ನಡುವೆ ನಿಲ್ಲಿಸಿ ಮಂತ್ರಿ ಮಹೋದಯರನ್ನು ಜಾಡಿಸುತ್ತಿದ್ದಾಗಲೂ ಆ ಪರವಾನಗಿ ಇತ್ತು. ಕೌಫ್‌ಮನ್ ಪರವಾನಗಿ ಹರಿದು ಹಾಕಿ ಬಂದವನು.

ಹೋಲಿಸಲೇಬೇಕೆಂದರೆ ತಾಳಮದ್ದಳೆ ಹತ್ತಿರ. ವೇಷವಿಲ್ಲ, ಬಣ್ಣವಿಲ್ಲ, ಪಂಚೆ ಶಾಲಿನಲ್ಲಿ ಎದುರುಬದುರು ಕೂತ ಇಬ್ಬರು ಅರ್ಥಧಾರಿಗಳು. ಕೃಷ್ಣ ಕೌರವರ ವಾದ ಏರುತ್ತ ಏರುತ್ತ ಒಂದು ಹಂತದಲ್ಲಿ, ಇದು ಕೌರವನ ಸಿಟ್ಟೋ ಅಥವಾ ಅರ್ಥ ಹೇಳುತ್ತಿರುವವರದೇ ಸಿಟ್ಟೋ ಎಂದು ಕೇಳುವವರಿಗೆ ಅನುಮಾನ ಬರುತ್ತದೆ. ಎದ್ದು ಕೂರುತ್ತೇವೆ. ಕೌಫ್‌ಮನ್ ಬೀಡುಬಿಟ್ಟದ್ದು ಸರಿಯಾಗಿ ಆ ಜಾಗದಲ್ಲಿ. ಆದರೆ ತಾಳಮದ್ದಳೆಗೆ ಮಂಗಳ ಇದೆ. ಮಂಗಳ ಹಾಡಿದ ಮೇಲೆ ಕೃಷ್ಣ ಕೌರವರು ಒಂದೇ ಪಾತ್ರೆಯ ಕಾಫಿ ಕುಡಿಯುತ್ತಾರೆ. ಇವನು ಮಂಗಳ ಹಾಡಲೇ ಇಲ್ಲ.

ಹೆಂಗಸರ ಜೊತೆ ಕುಸ್ತಿ ಆಡಿದ್ದು ಎಂತ ಕರ್ಮ?

ಇದನ್ನು ಕೇಳುವವರಲ್ಲಿ ಹುಡುಗಿಯರೇ ಹೆಚ್ಚು, ಕೇಳುವುದೂ ಸರಿ.

1979ರಿಂದ ಶುರು. ತನಗೆ ತಾನೇ ‘ವಿಶ್ವ ಸ್ತ್ರೀ ಪುರುಷ ಕುಸ್ತಿ ಚಾಂಪಿಯನ್’ ಎಂದು ಬಿರುದು ಕೊಟ್ಟುಕೊಂಡು, ತನ್ನನ್ನು ಚಿತ್ ಮಾಡಿದ ಹೆಂಗಸಿಗೆ 1000 ಡಾಲರ್ ಎಂದು ಸವಾಲು ಹಾಕಿದ. ಸಭೆಯಿಂದ ಹೆಂಗಸರು ಬಂದು ಕುಸ್ತಿ ಹಿಡಿಯುತ್ತಿದ್ದರು. ಅವನು ಹೆಂಗಸರ ಜಾಗ ಅಡುಗೆಮನೆ ಎಂಬ ಧಾಟಿಯಲ್ಲಿ ಬಾಯಿಗೆ ಬಂದಂತೆ ಕೆಣಕುತ್ತಿದ್ದ. ಅಮೆರಿಕದಲ್ಲಿ ಆಗ ಮಹಿಳೆಯರ ಸಮಾನ ಹಕ್ಕಿನ ಸಂವಿಧಾನ ತಿದ್ದುಪಡಿಯ ಹೋರಾಟ ಉರಿಯುತ್ತಿದ್ದ ಕಾಲ. 1982ರ ಜೂನ್ ಕೊನೆಗೆ ಅದರ ಗಡುವು ಮುಗಿದು ತಿದ್ದುಪಡಿ ಬಿದ್ದುಹೋಯಿತು. ಗಾಯ ಎಲ್ಲಿದೆ ಎಂದು ಗೊತ್ತಿದ್ದೇ ಅಲ್ಲಿ ಬೆರಳು ಹಾಕಿದ.

ಅಭಿಮಾನಿಗಳ ವಾದ ಹೀಗಿದೆ: ಅವನು ಆಡಿದ್ದು ಟೀವಿ ಕುಸ್ತಿಯ ಖಳನ ಪಾತ್ರ. ಚಿಕ್ಕಂದಿನಿಂದ ಬಡ್ಡಿ ರೋಜರ್ಸ್ ಎಂಬ ಕುಸ್ತಿಪಟುವಿನ ಭಕ್ತ. ಜನರಿಂದ ಉಗಿಸಿಕೊಳ್ಳುವುದೂ ಒಂದು ಕಲೆ ಎಂದು ಅಲ್ಲಿಂದ ಕಲಿತ. ಗಂಡಸಿನ ಜಂಬವನ್ನು ಲೇವಡಿ ಮಾಡಿದ್ದೇ ಹೊರತು ಹೆಂಗಸರನ್ನಲ್ಲ.

ನಾನು ಇದನ್ನು ಪೂರ್ತಿ ಒಪ್ಪುವುದಿಲ್ಲ. ಖಳನ ಆಟ ನಿಲ್ಲುವುದು ಖಳ ಸೋಲುವುದರಿಂದ. ಕೀಚಕ ಗೆದ್ದು ಮನೆಗೆ ಹೋದರೆ ಅದು ಪ್ರಸಂಗ ಅಲ್ಲ. ಕೌಫ್‌ಮನ್ ತರಬೇತಿ ಇಲ್ಲದ ಹೆಂಗಸರ ಜೊತೆ ಆಡಿ, ಬಹುಪಾಲು ಗೆಲ್ಲುತ್ತಿದ್ದ. ಅವನ ಮಾತನ್ನು ಲೇವಡಿ ಎಂದು ತಿಳಿದವರ ಪಕ್ಕದಲ್ಲೇ, ಅದನ್ನು ನಿಜವೆಂದು ತಿಳಿದು ಕೇಕೆ ಹಾಕಿದವರೂ ಕೂತಿದ್ದರು. ಸನ್ನೆ ತೆಗೆದುಹಾಕುವ ವಿದ್ಯೆಗೆ ಇದೊಂದು ಬೆಲೆ ಇದೆ. ಯಾರು ಯಾವುದಕ್ಕೆ ನಗುತ್ತಿದ್ದಾರೆ ಎಂಬುದು ಆಡುವವನ ಕೈಯಲ್ಲಿ ಉಳಿಯುವುದಿಲ್ಲ.

ಹಾಗಾದ್ರೆ ಜೆರ್ರಿ ಲಾಲರ್ ಜೊತೆ ಆದ ಹೊಡೆದಾಟ? ಕತ್ತು ಮುರೀತಂತೆ?

ಅಲ್ಲೇ ಖಳನಿಗೆ ಬೇಕಾದ ಭೀಮ ಸಿಕ್ಕಿದ್ದು. ಟೆನೆಸಿ ರಾಜ್ಯದ ಮೆಂಫಿಸ್ ಊರಿನ ವೃತ್ತಿಪರ ಕುಸ್ತಿಪಟು, ಆ ಕಡೆಯವರಿಗೆ ದೊರೆ ಇದ್ದ ಹಾಗೆ. ಕೌಫ್‌ಮನ್ ವಾರಗಟ್ಟಲೆ ವಿಡಿಯೊ ಕಳಿಸಿ ಮೆಂಫಿಸ್ ಜನರನ್ನು ಹಂಗಿಸಿದ. ಸೋಪು ಹೇಗೆ ಬಳಸಬೇಕು ಎಂದು ಪಾಠ ಬೇರೆ ಮಾಡಿದ. 1982ರ ಏಪ್ರಿಲ್ 5ರಂದು ಕುಸ್ತಿ ನಡೆಯಿತು. ಲಾಲರ್ ಅವನನ್ನು ತಲೆಕೆಳಗಾಗಿ ಎತ್ತಿ ನೆಲಕ್ಕೆ ಕುಟ್ಟಿದ. ಪೈಲ್‌ಡ್ರೈವರ್ ಎಂಬ ಆ ಪಟ್ಟು ಅಲ್ಲಿ ನಿಷಿದ್ಧ. ಹಾಗಾಗಿ ಸ್ಟ್ರೆಚರ್ ಮೇಲೆ ಮಲಗಿ ಆಸ್ಪತ್ರೆಗೆ ಹೋದ ಕೌಫ್‌ಮನ್ನೇ ನಿಯಮದ ಪ್ರಕಾರ ಗೆದ್ದವನು!

ಆಮೇಲೆ ಬಹಳ ದಿನ ಕತ್ತಿಗೆ ಪಟ್ಟಿ ಹಾಕಿಕೊಂಡೇ ಓಡಾಡಿದ. ಜುಲೈ 28ರಂದು ಇಬ್ಬರೂ ಡೇವಿಡ್ ಲೆಟರ್‌ಮನ್ ನಡೆಸುತ್ತಿದ್ದ ಟೀವಿ ಮಾತುಕತೆಯ ಕಾರ್ಯಕ್ರಮಕ್ಕೆ ಬಂದರು. ಲಾಲರ್ ಎದ್ದು ಕಪಾಳಕ್ಕೆ ಬಾರಿಸಿದ ಹೊಡೆತಕ್ಕೆ ಕೌಫ್‌ಮನ್ ಕುರ್ಚಿಯಿಂದ ಕೆಳಗೆ ಬಿದ್ದ. ಎದ್ದವನು ಬಾಯಿಗೆ ಬಂದದ್ದೆಲ್ಲ ಬೈದು ಕಾಫಿ ಎರಚಿದ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಅಮೆರಿಕ ಇದನ್ನು ನಿಜವೈರ ಎಂದೇ ನಂಬಿತ್ತು. ಕೌಫ್‌ಮನ್ ಸತ್ತು ಎಷ್ಟೋ ಕಾಲದ ಮೇಲೆ, ಎಲ್ಲ ಇಬ್ಬರೂ ಸೇರಿ ಮಾಡಿದ್ದು, ತಾವು ಸ್ನೇಹಿತರಾಗಿದ್ದೆವು ಎಂದು ಲಾಲರ್ ಬಾಯಿಬಿಟ್ಟ. 2023ರಲ್ಲಿ ಡಬ್ಲ್ಯುಡಬ್ಲ್ಯುಇ ಕುಸ್ತಿ ಸಂಸ್ಥೆ ಕೌಫ್‌ಮನ್ ಹೆಸರನ್ನು ತನ್ನ ಗೌರವ ಪಟ್ಟಿಗೆ ಸೇರಿಸಿತು. ಹಾಸ್ಯದವರಿಗಿಂತ ಕುಸ್ತಿಯವರು ಅವನನ್ನು ಚೆನ್ನಾಗಿ ಅರ್ಥ ಮಾಡಿಕೊಂಡರು ಎಂದು ನನಗೆ ಅನ್ನಿಸುವುದುಂಟು. ಗುಟ್ಟು ಬಿಟ್ಟುಕೊಡದೆ ಆಡುವುದು ಅವರಿಗೆ ಹೊಸತಲ್ಲ.

ಲೈವ್ ಟೀವಿಯಲ್ಲೂ ಜಗಳ ಮಾಡಿದ್ದ ಅಲ್ವಾ?

1981ರ ಫೆಬ್ರವರಿ 20, ಎಬಿಸಿ ವಾಹಿನಿಯ ‘ಫ್ರೈಡೇಸ್’. ಹೋಟೆಲಿನ ದೃಶ್ಯದ ನಡುವೆ ನಟನೆ ನಿಲ್ಲಿಸಿ, ನನ್ನಿಂದ ಇದು ಆಗುವುದಿಲ್ಲ ಎಂದ. ಸಹನಟ ಮೈಕಲ್ ರಿಚರ್ಡ್ಸ್ ಸಂಭಾಷಣೆಯ ಕಾರ್ಡುಗಳನ್ನು ತಂದು ಮುಂದೆ ಬಿಸಾಕಿದ. ಇವನು ನೀರು ಎರಚಿದ, ಕೈಕೈ ಮಿಲಾಯಿಸಿತು, ಜಾಹೀರಾತಿಗೆ ಹೋದರು. ರಿಚರ್ಡ್ಸ್‌ಗೂ ಇನ್ನು ಕೆಲವರಿಗೂ ಮೊದಲೇ ಗೊತ್ತಿತ್ತು, ಉಳಿದವರಿಗೆ ಗೊತ್ತಿರಲಿಲ್ಲ.

ಇದಕ್ಕಿಂತ ನನಗೆ ಇಷ್ಟ ಅವನ 1977ರ ವಿಶೇಷ ಕಾರ್ಯಕ್ರಮದ ಒಂದು ಸಣ್ಣ ಕಿತಾಪತಿ. ಟೀವಿ ಪರದೆ ಕೆಟ್ಟು ಗೆರೆ ಬಂದ ಹಾಗೆ ಬೇಕೆಂದೇ ಮಾಡಿಸಿದ್ದ. ಜನ ಪ್ರಸಾರ ಕೆಟ್ಟಿದೆ ಎಂದು ಚಾನೆಲ್ ಬದಲಿಸಿಬಿಡುತ್ತಾರೆ ಎಂದು ವಾಹಿನಿಯವರು ಹೆದರಿದರು. ಅವನಿಗೆ ಬೇಕಿದ್ದದ್ದೇ ಅದು. ಆ ಕಾರ್ಯಕ್ರಮ ಪ್ರಸಾರವಾದದ್ದು 1979ರಲ್ಲಿ. ಮಳೆಗಾಲದಲ್ಲಿ ಹಂಚಿನ ಮಾಡು ಹತ್ತಿ, ದೂರದರ್ಶನಕ್ಕಾಗಿ ಆ್ಯಂಟೆನಾ ತಿರುಗಿಸಿ ‘ಬಂತನಾ, ಈಗ ಬಂತನಾ’ ಎಂದು ಕೂಗಿದ ಮಲೆನಾಡಿನ ಯಾರಿಗಾದರೂ ಈ ತಮಾಷೆಯ ಕ್ರೌರ್ಯ ತಟ್ಟನೆ ತಿಳಿಯುತ್ತದೆ.

ಧ್ಯಾನ ಗೀನ ಮಾಡ್ತಿದ್ದ ಅಂತಾರೆ?

ಮಹರ್ಷಿ ಮಹೇಶ ಯೋಗಿಯವರ ಭಾವಾತೀತ ಧ್ಯಾನ. ಕಾಲೇಜಿನ ಕಾಲದಲ್ಲಿ ಕಲಿತು, ಮುಂದೆ ಕಲಿಸುವ ತರಬೇತಿಯನ್ನೂ ಪಡೆದ. ಕಾರ್ಯಕ್ರಮಕ್ಕೆ ಮೊದಲು ಧ್ಯಾನಕ್ಕೆ ಸಮಯ ಬೇಕೇ ಬೇಕು ಎನ್ನುತ್ತಿದ್ದ. ಅದಕ್ಕೇ ಅವನ ಹಾಸ್ಯದ ಮೂಲ ಭಾರತದಲ್ಲಿದೆ ಎಂದು ಎದೆ ತಟ್ಟಿಕೊಳ್ಳುವುದು ಬೇಡ. ಸಾವಿರ ಜನ ಕೂಗುತ್ತಿದ್ದರೂ ಅಲುಗದೆ ನಿಲ್ಲುವ ತಾಳ್ಮೆಗೆ ಅದು ಸಹಾಯ ಮಾಡಿರಬಹುದು, ಅಷ್ಟೆ.

ಆಲ್ಟರ್ನೇಟಿವ್ ಕಾಮಿಡಿ ಅಂದ್ರೆ ಇದೇನಾ?

ಆ ಹೆಸರಿನ ಚಳವಳಿ ಎದ್ದದ್ದು ಲಂಡನ್ನಿನಲ್ಲಿ, 1979ರಲ್ಲಿ ಕಾಮಿಡಿ ಸ್ಟೋರ್ ಎಂಬ ಕ್ಲಬ್ಬು ತೆರೆದ ಮೇಲೆ. ಅಲೆಕ್ಸಿ ಸೇಲ್ ಅಲ್ಲಿಯ ಮೊದಲ ನಿರೂಪಕ. ಜನಾಂಗ, ಹೆಂಗಸರನ್ನು ಆಡಿಕೊಳ್ಳುವ ಹಳೇ ಜೋಕು ಬೇಡ ಎಂದವರು ಅವರು. ಕೌಫ್‌ಮನ್ ಆ ಗುಂಪಿನವನಲ್ಲ. ಪಂಚ್‌ಲೈನ್ ಇಲ್ಲದೆಯೂ ಕಾಮಿಡಿ ಸಾಧ್ಯ ಎಂದು ಮೊದಲೇ ತೋರಿಸಿದ್ದರಿಂದ ಅವನನ್ನೂ ಆ ಸಾಲಿನಲ್ಲಿ ಕೂರಿಸುತ್ತಾರೆ.

ಜನರೇ ವೋಟ್ ಹಾಕಿ ಹೊರಗೆ ಕಳ್ಸಿದ್ದು ಹೌದಾ?

ಹೌದು. 1982ರ ನವೆಂಬರ್ 20. ಕುಸ್ತಿಯಿಂದ ಜನಕ್ಕೆ ಸಾಕುಸಾಕಾಗಿತ್ತು. ಹಿಂದಿನ ವರ್ಷ ಬಂದ ‘ಹಾರ್ಟ್‌ಬೀಪ್ಸ್’ ಸಿನಿಮಾ ನೆಲಕಚ್ಚಿತ್ತು. ಸ್ಯಾಟರ್ಡೇ ನೈಟ್ ಲೈವ್‌ನವರು ಇವನನ್ನು ಇಟ್ಟುಕೊಳ್ಳಬೇಕೋ ಬಿಡಬೇಕೋ ಎಂದು ಫೋನ್ ಮತ ಕೇಳಿದರು. ಇರಲಿ ಎಂದವರು 1,69,186, ಬೇಡ ಎಂದವರು 1,95,544. ಆ ಮತದಾನಕ್ಕೆ ಅವನ ಒಪ್ಪಿಗೆಯೂ ಇತ್ತು. ಆದರೆ ಫಲಿತಾಂಶವನ್ನು ವಾಹಿನಿ ಮೀರಲಿಲ್ಲ. ಅವನು ಮತ್ತೆ ಆ ವೇದಿಕೆ ಹತ್ತಲಿಲ್ಲ. ತಮಾಷೆಗೆ ಹೂಡಿದ ಆಟದಲ್ಲಿ ನಿಜಕ್ಕೂ ಮನೆ ಕಳೆದುಕೊಂಡ.

ಸತ್ತದ್ದೂ ನಾಟಕ ಅಂತಾರಲ್ಲ?

ಸತ್ತದ್ದು ನಿಜ. ಶ್ವಾಸಕೋಶದ ಅಪರೂಪದ ಕ್ಯಾನ್ಸರ್, ಸಿಗರೇಟು ಸೇದುವವನಲ್ಲ. ಮನೆಮಂದಿಯೇ ಮೊದಲು ನಂಬಲಿಲ್ಲವಂತೆ. ಕೊನೆಗಾಲದಲ್ಲಿ ಫಿಲಿಪ್ಪೀನ್ಸ್‌ಗೆ ಹೋಗಿ, ಬರಿಗೈಯಲ್ಲಿ ಹೊಟ್ಟೆಯಿಂದ ರೋಗ ತೆಗೆಯುತ್ತೇವೆ ಎನ್ನುವವರ ‘ಚಿಕಿತ್ಸೆ’ಯನ್ನೂ ಪಡೆದ. ಅದು ಶುದ್ಧ ಕೈಚಳಕ. ಊರಿಗೆಲ್ಲ ಕೈಚಳಕ ತೋರಿಸಿದವನು ಇನ್ನೊಬ್ಬರ ಕೈಚಳಕದ ಮುಂದೆ ಆಸೆಯಿಂದ ಮಲಗಿದ್ದನ್ನು ಓದುವಾಗ ಕರುಳು ಚುರ್ ಅನ್ನುತ್ತದೆ.

ನಾಟಕದ ವದಂತಿ ಹುಟ್ಟಲು ಅವನೇ ಕಾರಣ. ಸುಳ್ಳು ಸಾವು ಮಾಡಿ ನೋಡಬೇಕು ಎಂದು ಗೆಳೆಯರ ಹತ್ತಿರ ಹೇಳಿಕೊಂಡಿದ್ದ. 2013ರಲ್ಲಿ ಅವನ ಹೆಸರಿನ ಪ್ರಶಸ್ತಿ ಸಮಾರಂಭದಲ್ಲಿ ಒಬ್ಬಳು ಹುಡುಗಿ ತಾನು ಅವನ ಮಗಳು, ಅಪ್ಪ ಬದುಕಿದ್ದಾನೆ ಎಂದಾಗ ಪತ್ರಿಕೆಗಳು ಮುಗಿಬಿದ್ದವು. ಆಮೇಲೆ ನೋಡಿದರೆ ಅವಳು ನಟಿ.

ಸಿನಿಮಾ ನೋಡಿದ್ರೆ ಸಾಕಾ?

‘ಮ್ಯಾನ್ ಆನ್ ದಿ ಮೂನ್’, 1999, ನಿರ್ದೇಶನ ಮಿಲೋಸ್ ಫೋರ್ಮನ್, ಕೌಫ್‌ಮನ್ ಪಾತ್ರದಲ್ಲಿ ಜಿಮ್ ಕ್ಯಾರಿ. ಅನುಕರಣೆ ಬೆರಗು ಹುಟ್ಟಿಸುತ್ತದೆ. ಆದರೆ ಸಿನಿಮಾ ಪ್ರತಿ ಗುಟ್ಟನ್ನೂ ಬಿಡಿಸಿ ತೋರಿಸುತ್ತದೆ. ಗುಟ್ಟು ಗೊತ್ತಾದ ಮೇಲೆ ನೋಡುವ ಕೌಫ್‌ಮನ್ ಅರ್ಧ ಕೌಫ್‌ಮನ್. ಮೊದಲು ಮೂಲ ವಿಡಿಯೊಗಳನ್ನು ನೋಡಿ, ಸಿಟ್ಟು ಬರಿಸಿಕೊಳ್ಳಿ, ಆಮೇಲೆ ಸಿನಿಮಾ.

ನಾವೂ ಶಿವಮೊಗ್ಗದಲ್ಲಿ ಇಂಥದ್ದೊಂದು ಮಾಡ್ಬಹುದಾ?

ಮಾಡಿ. ಆದರೆ ಅವನದನ್ನು ನಕಲು ಮಾಡಬೇಡಿ, ಇಲ್ಲಿ ಎಲ್ವಿಸ್ ಯಾರಿಗೂ ಬೇಕಾಗಿಲ್ಲ. ನಮ್ಮಲ್ಲೇ ಭರ್ಜರಿ ಸಾಮಗ್ರಿ ಬಿದ್ದಿದೆ. ಉದಾಹರಣೆಗೆ ಸಭಾ ಕಾರ್ಯಕ್ರಮ. ಕುವೆಂಪು ರಂಗಮಂದಿರದಂಥ ಜಾಗದಲ್ಲಿ ‘ಹಾಸ್ಯ ಸಂಜೆ’ ಎಂದು ಬೋರ್ಡು ಹಾಕಿ. ಪ್ರಾರ್ಥನೆ, ದೀಪ ಬೆಳಗುವುದು, ಸ್ವಾಗತ ಭಾಷಣ, ಪ್ರಾಸ್ತಾವಿಕ ನುಡಿ, ಮುಖ್ಯ ಅತಿಥಿಗಳ ನಾಲ್ಕು ಮಾತು, ಅಧ್ಯಕ್ಷೀಯ ಭಾಷಣ, ಶಾಲು, ಹಾರ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ, ವಂದನಾರ್ಪಣೆ. ವಂದನಾರ್ಪಣೆ ಮಾಡಿದವರಿಗೆ ಇನ್ನೊಂದು ಶಾಲು, ಶಾಲು ಹೊದಿಸಿದವರಿಗೆ ಸ್ವಾಗತ. ಹಾಸ್ಯ ಬರುವುದೇ ಇಲ್ಲ. ಯಾರೂ ನಗಬಾರದು, ಯಾರೂ ದನಿ ಬದಲಿಸಬಾರದು. ಇದೇ ಐಟಂ ಎಂದು ಸಭೆಗೆ ಗೊತ್ತಾಗಲು ಮುಕ್ಕಾಲು ಗಂಟೆಯಾದರೂ ಬೇಕು, ಯಾಕೆಂದರೆ ನಮಗೆ ಇದು ಅಭ್ಯಾಸವಾಗಿದೆ. ಮೊದಲು ಯಾವ ಸಾಲಿನಿಂದ ನಗು ಬರುತ್ತದೆ ನೋಡಬೇಕು. ಬಹುಶಃ ಹಿಂದಿನ ಸಾಲಿನಿಂದ, ಶಾಲಾ ಮಕ್ಕಳಿಂದ.

ಎರಡು ಎಚ್ಚರಿಕೆ. ವೇದಿಕೆಯಲ್ಲಿ ಸುಳ್ಳು ಹೃದಯಾಘಾತ, ಸುಳ್ಳು ಹೊಡೆದಾಟ ಬೇಡವೇ ಬೇಡ. ಯಾರೋ ಪುಣ್ಯಾತ್ಮರು 108ಕ್ಕೆ ಫೋನ್ ಮಾಡಿ, ನಿಜವಾಗಿ ಬೇಕಾದವರಿಗೆ ಆಂಬುಲೆನ್ಸ್ ತಪ್ಪುತ್ತದೆ. ಇನ್ನೊಂದು, ತೀರ್ಥಹಳ್ಳಿ, ಹೊಸನಗರ ಕಡೆಯ ಕೊನೇ ಬಸ್ಸಿನ ಹೊತ್ತು ನೋಡಿಕೊಂಡು ಮುಗಿಸಿ. ಕೌಫ್‌ಮನ್ ಜನರನ್ನು ಕಾಯಿಸಿದರೂ ಬಸ್ಸು ತಾನೇ ತರಿಸಿದ್ದ.

ಮಕ್ಕಳಿಗೆ ತೋರಿಸಬಹುದಾ?

ಮೈಟಿ ಮೌಸ್, ಪರದೇಶಿ, ಎಲ್ವಿಸ್ ಧಾರಾಳವಾಗಿ ತೋರಿಸಿ. ನನಗೆ ಕಂಡ ಹಾಗೆ ದೊಡ್ಡವರಿಗಿಂತ ಮೊದಲು ನಗುವವರು ಅವರೇ. ಏನೂ ವಿವರಿಸಲು ಹೋಗಬೇಡಿ. ಕುಸ್ತಿಯ ವಿಡಿಯೊಗಳು ಹೈಸ್ಕೂಲ್ ದಾಟಿದ ಮೇಲೆ, ಜೊತೆಗೆ ಕೂತು ಮಾತಾಡುವವರಿದ್ದರೆ ಮಾತ್ರ. ಟೋನಿ ಕ್ಲಿಫ್ಟನ್ ಬೇಡ, ಬಾಯಿ ತುಂಬ ಹೊಲಸು.